ತೋರದ ಹಾರ್ಡ್ ಡಿಸ್ಕ್: ಮಾಡಬೇಕಾದದ್ದು, ಮಾಡಬಾರದ್ದು

ಕಂಪ್ಯೂಟರಿಗೆ ಜೋಡಿಸಿದ ಹಾರ್ಡ್ ಡಿಸ್ಕ್ ತೋರಿಸುತ್ತಿಲ್ಲ ಎಂಬ ದೂರು ಕೇಳುವುದಕ್ಕೆ ಒಂದೇ ಆದರೂ ಅದರ ಹಿಂದಿನ ಕಾರಣ ಒಂದೇ ಆಗಿರುವುದಿಲ್ಲ. ಡಿಸ್ಕಿಗೆ ವಿದ್ಯುತ್ತೇ ಸರಿಯಾಗಿ ತಲುಪದಿರಬಹುದು. ವಿದ್ಯುತ್ ತಲುಪಿ ಒಳಗಿನ ತಟ್ಟೆಗಳು ತಿರುಗುತ್ತಿದ್ದರೂ ಕಂಪ್ಯೂಟರ್ ಅದನ್ನು ಗುರುತಿಸದಿರಬಹುದು. ಗುರುತಿಸಿದ್ದರೂ ಅದರಲ್ಲಿ ಕಡತಗಳನ್ನು ಹೊಂದಿಸಿಟ್ಟ ಕ್ರಮ ಅರ್ಥವಾಗದೆ, ಬಳಕೆದಾರರ ಕಣ್ಣಿಗೆ ಬೀಳುವ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಡದಿರಬಹುದು. ಈ ಮೂರರಲ್ಲಿ ಯಾವುದೆಂದು ತಿಳಿಯುವ ಮೊದಲೇ ಗಾಬರಿಯಿಂದ ಕೈಹಾಕಿದರೆ, ಅದುವರೆಗೆ ಸುರಕ್ಷಿತವಾಗಿಯೇ ಇದ್ದ ಕಡತಗಳೂ ಆ ಕೈಯಿಂದಲೇ ಹಾಳಾಗುವ ಸಂಭವವಿದೆ. ಆದ್ದರಿಂದ ಪರೀಕ್ಷೆಯ ಕ್ರಮವನ್ನು ಗೊತ್ತುಮಾಡುವಾಗ ಯಾವ ಕೆಲಸ ಸುಲಭ ಎಂಬುದಕ್ಕಿಂತ, ಮಾಡಿದ ಮೇಲೆ ಯಾವ ಕೆಲಸವನ್ನು ಹಿಂದಕ್ಕೆ ಪಡೆಯಬಹುದು ಎಂಬುದನ್ನು ನೋಡಬೇಕಾಗುತ್ತದೆ. ಬದಲಿಸಿದ ಕೇಬಲನ್ನು ತೆಗೆದು ಹಳೆಯದನ್ನೇ ಮತ್ತೆ ಹಾಕಬಹುದು. ಡಿಸ್ಕಿನ ಮೇಲೆ ಒಮ್ಮೆ ಬರೆದದ್ದನ್ನು ಬರೆಯದಂತೆ ಮಾಡಲು ಬಾರದು.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಂತಹ ಊರಿನಲ್ಲಿ ಈ ವಿಷಯಕ್ಕೆ ವಿಶೇಷವಾದ ತೂಕವಿದೆ. ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವೆ ತನ್ನದೇ ಹೆಸರಿನ ರೈಲು ನಿಲ್ದಾಣವನ್ನು ಪಡೆದಿರುವ ಈ ಕ್ಷೇತ್ರದಲ್ಲಿ, ಮಾಲತೇಶ ಸ್ವಾಮಿಯ ಸನ್ನಿಧಿಯಲ್ಲಿ, ನವರಾತ್ರಿಯ ಸಂದರ್ಭದಲ್ಲಿ ವರ್ಷಕ್ಕೊಮ್ಮೆ ಕಾರಣಿಕ, ಅಂದರೆ ಭವಿಷ್ಯವಾಣಿ, ನಡೆಯುತ್ತದೆ. ವ್ರತ ಹಿಡಿದ ಗೊರವಯ್ಯ ನೆಟ್ಟ ಬಿಲ್ಲನ್ನೇರುತ್ತಾನೆ. ‘ಸದ್ದಲೇ’ ಎಂಬ ಕೂಗಿಗೆ ಜನಸ್ತೋಮ ನಿಶ್ಶಬ್ದವಾಗುತ್ತದೆ. ಒಂದು ಚಿಕ್ಕ ನುಡಿಯನ್ನು ಹೇಳಿ ಅವನು ಮೇಲಿನಿಂದ ಬೀಳುತ್ತಾನೆ. ಆ ನುಡಿಯನ್ನು ಮಳೆಗೆ, ಬೆಳೆಗೆ, ಧಾರಣೆಗೆ, ರಾಜಕೀಯಕ್ಕೆ ಹೊಂದಿಸಿ ಅರ್ಥ ಹೇಳುವ ಚರ್ಚೆ ಮುಂದೆ ದಿನಗಟ್ಟಲೆ ನಡೆಯುತ್ತದೆ. ಕ್ಯಾಮರಾದವನಿಗೆ ಇಲ್ಲಿ ಎರಡನೆಯ ಅವಕಾಶವಿಲ್ಲ. ಗೊರವಯ್ಯ ಹೇಳಿದ ಶಬ್ದ ಯಾವುದು, ಅದರ ಕೊನೆಯ ಅಕ್ಷರ ಹೇಗಿತ್ತು ಎಂಬುದು ತಕರಾರಿಗೆ ಬಂದಾಗ ಧ್ವನಿಮುದ್ರಣವೇ ಸಾಕ್ಷಿ. ಹಾಗೆ ವರ್ಷವರ್ಷವೂ ಸೇರಿದ ಚಿತ್ರಗಳು, ಗೊರವರ ಕುಣಿತದ ದೃಶ್ಯಗಳು, ಡಮರುಗದ ನಾದ, ಜೊತೆಗೆ ಸುತ್ತಲಿನ ಊರುಗಳ ಮದುವೆ, ಜಾತ್ರೆ, ನಾಟಕಗಳ ಚಿತ್ರೀಕರಣಗಳು ಬಂದು ಕೂಡುವುದು ಅಂಗೈಯಗಲದ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ. ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದ್ದರೂ, ಜನಪದದ ದಾಖಲೆಯ ದೊಡ್ಡ ಪಾಲು ಯಾವ ಸಂಸ್ಥೆಯ ಕಪಾಟನ್ನೂ ಸೇರದೆ ಸ್ಟುಡಿಯೋಗಳ, ಮನೆಗಳ ಮೇಜಿನ ಖಾನೆಯಲ್ಲೇ ಉಳಿಯುತ್ತದೆ ಎಂಬುದು ಒಪ್ಪಬೇಕಾದ ಸಂಗತಿ.

ಹಾರ್ಡ್ ಡಿಸ್ಕ್ ಎಂಬ ಸಾಧನದ ರಚನೆಯನ್ನು ಸ್ವಲ್ಪವಾದರೂ ಅರಿಯದೆ ಅದರ ದೋಷವನ್ನು ಹುಡುಕುವುದು ಕಷ್ಟ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದು, ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಜೇಬಿನಲ್ಲಿ ಹೋಗುವ 2 ಟೆರಾಬೈಟಿನ ಡಿಸ್ಕ್ 2 ಲಕ್ಷ ಕೋಟಿ ಬೈಟುಗಳನ್ನು ಹಿಡಿಯುತ್ತದೆ. ಗಾತ್ರ ಕುಗ್ಗಿದರೂ ಮೂಲ ಉಪಾಯ ಬದಲಾಗಿಲ್ಲ. ಕಾಂತೀಯ ಲೇಪನವಿರುವ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ, ಅವುಗಳ ಮೇಲೆ ಓದುವ–ಬರೆಯುವ ‘ಹೆಡ್’ ಎಂಬ ಸೂಕ್ಷ್ಮ ಭಾಗ ತಟ್ಟೆಯನ್ನು ಮುಟ್ಟದೆ ತೇಲುತ್ತದೆ. ಎರಡರ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ, ತಲೆಗೂದಲಿನ ದಪ್ಪವಾದರೋ ಹಲವು ಹತ್ತು ಸಾವಿರ ನ್ಯಾನೋಮೀಟರ್. ತಟ್ಟೆಗಳ ಪೆಟ್ಟಿಗೆಯ ಕೆಳಬದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ವಿದ್ಯುನ್ಮಾನ ಫಲಕವಿರುತ್ತದೆ. ಯುಎಸ್‌ಬಿ ಡಿಸ್ಕುಗಳಲ್ಲಿ ಡಿಸ್ಕಿನ ಭಾಷೆಯನ್ನು ಯುಎಸ್‌ಬಿಗೆ ಹೊಂದಿಸುವ ಇನ್ನೊಂದು ಚಿಕ್ಕ ಮಂಡಳವೂ ಸೇರಿಕೊಂಡಿರುತ್ತದೆ. ದೋಷ ಈ ಚಿಕ್ಕ ಮಂಡಳದಲ್ಲಿರಬಹುದು, ಫಲಕದಲ್ಲಿರಬಹುದು, ಹೆಡ್‌ನಲ್ಲಿರಬಹುದು, ಅಥವಾ ಇದಾವುದರಲ್ಲೂ ಇರದೆ ಹೊರಗಿನ ಹತ್ತು ರೂಪಾಯಿಯ ತಂತಿಯಲ್ಲಿರಬಹುದು.

ಹಾಗಾಗಿ ಮೊದಲ ಪರೀಕ್ಷೆ ಹೊರಗಿನದೇ ಆಗಬೇಕು. ಡಿಸ್ಕನ್ನು ಜೋಡಿಸಿದಾಗ ಅದರ ದೀಪ ಹೊತ್ತುತ್ತದೆಯೇ, ಬೆರಳ ತುದಿಯಿಟ್ಟರೆ ಸಣ್ಣ ಕಂಪನ ತಿಳಿಯುತ್ತದೆಯೇ, ಕಿವಿ ಹತ್ತಿರ ಒಯ್ದರೆ ತಟ್ಟೆಗಳು ವೇಗ ಪಡೆಯುವ ಸಪ್ಪಳ ಕೇಳಿಸುತ್ತದೆಯೇ ಎಂದು ನೋಡಬೇಕು. ಈ ಕೆಲಸದಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚು ನೆರವಾಗುತ್ತದೆ. ಎರಡೂವರೆ ಅಂಗುಲದ ಪೋರ್ಟಬಲ್ ಡಿಸ್ಕ್ ತನಗೆ ಬೇಕಾದ ವಿದ್ಯುತ್ತನ್ನೆಲ್ಲ ಯುಎಸ್‌ಬಿ ಕಿಂಡಿಯಿಂದಲೇ ಪಡೆಯುತ್ತದೆ. ಹಳೆಯ ಯುಎಸ್‌ಬಿ 2.0 ನಿಯಮದಂತೆ ಒಂದು ಕಿಂಡಿ ಕೊಡಬೇಕಾದದ್ದು 500 ಮಿಲಿ ಆಂಪಿಯರ್, 3.0ರಲ್ಲಿ 900, ನಿಂತ ತಟ್ಟೆಗಳನ್ನು ತಿರುಗಿಸಲು ಆರಂಭಿಸುವ ಕ್ಷಣದಲ್ಲಿ ಕೆಲವು ಡಿಸ್ಕುಗಳು ಇದಕ್ಕಿಂತ ಹೆಚ್ಚು ಕೇಳುತ್ತವೆ. ಕೇಳಿದಷ್ಟು ಸಿಗದಿದ್ದರೆ ತಟ್ಟೆ ತಿರುಗಲು ತೊಡಗಿ, ವೇಗ ಪಡೆಯಲಾಗದೆ ನಿಂತು, ಮತ್ತೆ ತೊಡಗುತ್ತದೆ. ದೀಪವೇನೋ ಉರಿಯುತ್ತಿರುತ್ತದೆ, ಡಿಸ್ಕ್ ಮಾತ್ರ ತೋರಿಸುವುದಿಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರಿನ ಮುಂಬದಿಯ ಕಿಂಡಿಗಳಿಗೆ ಒಳಗಿನ ಸಣ್ಣ ತಂತಿಯ ಮೂಲಕ ವಿದ್ಯುತ್ ಬರುವುದರಿಂದ ಈ ತೊಂದರೆ ಅಲ್ಲಿ ಹೆಚ್ಚು. ಹಿಂಬದಿಯಲ್ಲಿ ಮದರ್‌ಬೋರ್ಡಿಗೇ ಅಂಟಿಕೊಂಡಿರುವ ಕಿಂಡಿಗೆ ನೇರವಾಗಿ ಜೋಡಿಸಿದರೆ ಎಷ್ಟೋ ‘ಸತ್ತ’ ಡಿಸ್ಕುಗಳು ಎದ್ದು ಕೂರುತ್ತವೆ. ಉದ್ದನೆಯ ಎಕ್ಸ್‌ಟೆನ್ಷನ್ ತಂತಿ, ತನ್ನದೇ ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್ ಇವೆರಡನ್ನೂ ನಡುವಿನಿಂದ ತೆಗೆದೇ ಪರೀಕ್ಷಿಸಬೇಕು.

ಮೂರೂವರೆ ಅಂಗುಲದ ದೊಡ್ಡ ಡಿಸ್ಕುಗಳ ಕತೆ ಬೇರೆ. ಅವುಗಳಿಗೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಬೇಕು, ಆ ಅಡಾಪ್ಟರ್ ಕಳೆದುಹೋದಾಗ ಮನೆಯಲ್ಲಿ ಸಿಕ್ಕಿದ್ದನ್ನು ಚುಚ್ಚುವ ಅಭ್ಯಾಸ ಎಲ್ಲೆಡೆಯೂ ಇದೆ. ಇಂಟರ್‌ನೆಟ್ ರೌಟರಿನ ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ ಅದರ ಕೆಳಗಿನ ಸಾಲಿನಲ್ಲಿ ಅರ್ಧ ಅಥವಾ ಒಂದು ಆಂಪಿಯರ್ ಎಂದಿರುವುದೇ ಹೆಚ್ಚು. ದೊಡ್ಡ ಡಿಸ್ಕ್ ತಿರುಗತೊಡಗುವಾಗ ಎರಡು ಆಂಪಿಯರಿನಷ್ಟು ಬೇಡುವುದರಿಂದ ಅಲ್ಲಿ ಕೆಲಸ ಕೆಡುತ್ತದೆ. ಇನ್ನು 19 ವೋಲ್ಟಿನ ಲ್ಯಾಪ್‌ಟಾಪ್ ಚಾರ್ಜರಿನ ಗುಂಡನೆಯ ಪಿನ್ ಅದೇ ತೂತಿನಲ್ಲಿ ಹಿಡಿಸಿತೆಂದು ಹಾಕಿದರೆ ಫಲಕದ ರಕ್ಷಣಾ ಬಿಡಿಭಾಗ ಸುಟ್ಟುಹೋಗುತ್ತದೆ; ಅದೃಷ್ಟವಿದ್ದರೆ ಅಷ್ಟರಲ್ಲೇ ಮುಗಿಯುತ್ತದೆ. ಅಡಾಪ್ಟರಿನ ಬೆನ್ನಿನ ಮೇಲಿರುವ ಎರಡು ಅಂಕಿಗಳನ್ನು ಓದದೆ ಯಾವುದನ್ನೂ ಚುಚ್ಚಬಾರದು.

ಕೇಬಲಿನ ವಿಷಯದಲ್ಲಿ ಎರಡು ಮೋಸಗಳಿವೆ. ಟೈಪ್–ಸಿ ತಂತಿಗಳಲ್ಲಿ ಕೆಲವು ಮೊಬೈಲ್ ಚಾರ್ಜ್ ಮಾಡಲಷ್ಟೇ ತಯಾರಾದವು. ಅವುಗಳಲ್ಲಿ ಮಾಹಿತಿ ಸಾಗಿಸುವ ಎಳೆಗಳೇ ಇರುವುದಿಲ್ಲ, ಆದ್ದರಿಂದ ಡಿಸ್ಕಿಗೆ ವಿದ್ಯುತ್ ಹೋದರೂ ಕಂಪ್ಯೂಟರಿಗೆ ಸುದ್ದಿ ಬರುವುದಿಲ್ಲ. ಎರಡನೆಯದು ಪೋರ್ಟಬಲ್ ಡಿಸ್ಕುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಚಪ್ಪಟೆಯಾದ, ಎರಡು ಭಾಗಗಳ ಅಗಲದ ಮೈಕ್ರೋ–ಬಿ ಪಿನ್. ಬ್ಯಾಗಿನಲ್ಲಿ ಡಿಸ್ಕಿನ ಜೊತೆಗೆ ಕೇಬಲನ್ನು ಚುಚ್ಚಿಕೊಂಡೇ ಒಯ್ಯುವವರ ಕೈಯಲ್ಲಿ ಈ ಪಿನ್ ಬೇಗ ಸಡಿಲಗೊಳ್ಳುತ್ತದೆ, ಕೊನೆಗೆ ಕೇಬಲನ್ನು ಒಂದು ಬದಿಗೆ ಒತ್ತಿ ಹಿಡಿದರೆ ಮಾತ್ರ ಡಿಸ್ಕ್ ಕಾಣುವ ಸ್ಥಿತಿಗೆ ಬರುತ್ತದೆ. ಒತ್ತಿ ಹಿಡಿದು ಕೆಲಸ ಸಾಗಿಸುವುದು ಅತ್ಯಂತ ಅಪಾಯದ ಜಾಣತನ, ಏಕೆಂದರೆ ಬರೆಯುವ ನಡುವೆ ಸಂಪರ್ಕ ತಪ್ಪಿದರೆ ಕಡತದ ಜೊತೆಗೆ ಕಡತಗಳ ಪಟ್ಟಿಯೂ ಕೆಡಬಹುದು. ದೇವರಗುಡ್ಡದ ಉತ್ಸವದಲ್ಲಿ ಭಕ್ತರು ತೂರುವ ಭಂಡಾರ, ಅಂದರೆ ಅರಿಶಿನದ ಪುಡಿ, ತೆರೆದಿಟ್ಟ ಕಿಂಡಿಗಳೊಳಗೂ ಇಳಿಯುತ್ತದೆ. ಯುಎಸ್‌ಬಿ ಕಿಂಡಿಯ ನಾಲಗೆಯ ಮೇಲೆ ಹಳದಿ ಪದರು ಕೂತಿದ್ದರೆ ಕಂಪ್ಯೂಟರ್ ಆರಿಸಿ, ಒಣಗಿದ ಮೃದುವಾದ ಕುಂಚದಿಂದ ತೆಗೆಯಬೇಕು. ಬಾಯಿಯಿಂದ ಊದಿದರೆ ಉಗುಳಿನ ತೇವ ಸೇರಿ ಪುಡಿ ಅಂಟಾಗುತ್ತದೆ, ಸೂಜಿಯಿಂದ ಕೆರೆದರೆ ಪಿನ್ನುಗಳೇ ಬಾಗುತ್ತವೆ. ಚಿತ್ರೀಕರಣಕ್ಕೆ ಹೋಗುವವರು ಲ್ಯಾಪ್‌ಟಾಪಿನ ಖಾಲಿ ಕಿಂಡಿಗಳಿಗೆ ರಬ್ಬರಿನ ಚಿಕ್ಕ ಮುಚ್ಚಳ ಹಾಕಿಕೊಂಡರೆ ಈ ಕೆಲಸವೇ ಬೀಳುವುದಿಲ್ಲ.

ಬೇರೆ ಕೇಬಲ್, ಬೇರೆ ಕಿಂಡಿ, ಆಮೇಲೆ ಬೇರೆಯೇ ಕಂಪ್ಯೂಟರ್ — ಈ ಮೂರನ್ನೂ ಬದಲಿಸಿ ನೋಡಿದ ಮೇಲೂ ಡಿಸ್ಕ್ ಕಾಣದಿದ್ದರೆ ಎರಡನೆಯ ಹಂತಕ್ಕೆ ಬರಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ‘ದಿಸ್ ಪಿಸಿ’ ಎಂಬ ಕಿಟಕಿಯಲ್ಲಿ ಕಾಣುವುದು ಡಿಸ್ಕಲ್ಲ. ಡಿಸ್ಕಿನೊಳಗೆ ಮಾಡಿದ ವಿಭಾಗಗಳಲ್ಲಿ ವಿಂಡೋಸಿಗೆ ಅರ್ಥವಾದವು, ಅದರಲ್ಲೂ ಸಿ, ಡಿ, ಇ ಮುಂತಾದ ಅಕ್ಷರ ಪಡೆದವು ಮಾತ್ರ ಅಲ್ಲಿ ಕಾಣುತ್ತವೆ. ನಿಜವಾದ ಹಾಜರಿ ಪಟ್ಟಿ ಇರುವುದು ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬಲ್ಲಿ. ಕೀಲಿಮಣೆಯ ವಿಂಡೋಸ್ ಗುರುತಿನ ಕೀಲಿಯೊಂದಿಗೆ ಎಕ್ಸ್ ಅಕ್ಷರವನ್ನು ಒತ್ತಿದರೆ ಬರುವ ಪಟ್ಟಿಯಲ್ಲಿ ಅದು ಸಿಗುತ್ತದೆ. ಅಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಸಾಲಾಗಿ ತೋರಿಸುವಾಗ ಡಿಸ್ಕಿನ ಒಟ್ಟು ಗಾತ್ರ ಸರಿಯಾಗಿ ಬಂದಿದ್ದರೆ ತಂತಿ, ವಿದ್ಯುತ್, ಫಲಕ ಎಲ್ಲವೂ ಬಹುಮಟ್ಟಿಗೆ ನೆಟ್ಟಗಿವೆ ಎಂದೇ ತಿಳಿಯಬಹುದು. ವಿಭಾಗದ ಮೇಲೆ ನೀಲಿ ಪಟ್ಟಿಯಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಬಲಗುಂಡಿ ಒತ್ತಿ ಬಳಕೆಯಲ್ಲಿಲ್ಲದ ಒಂದು ಅಕ್ಷರವನ್ನು ಕೊಟ್ಟರೆ ಸಾಕು. ಕಚೇರಿಯ ನೆಟ್‌ವರ್ಕ್ ಫೋಲ್ಡರಿಗೆ ಮೊದಲೇ ಕೊಟ್ಟ ಅಕ್ಷರವನ್ನೇ ಡಿಸ್ಕೂ ಬಯಸಿದಾಗ ಹೀಗಾಗುವುದುಂಟು. ಡಿಸ್ಕಿನ ಪಕ್ಕದಲ್ಲಿ ‘ಆಫ್‌ಲೈನ್’ ಎಂದಿದ್ದರೆ ಅದನ್ನು ಆನ್‌ಲೈನ್ ಮಾಡಬಹುದು. ಒಂದು ಡಿಸ್ಕಿನ ಪಡಿಯಚ್ಚು ಪ್ರತಿಯನ್ನು ಮೂಲದ ಜೊತೆಗೇ ಜೋಡಿಸಿದಾಗ ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿ ವಿಂಡೋಸ್ ಒಂದನ್ನು ಬದಿಗಿಡುತ್ತದೆ. ಆಗ ಒಂದನ್ನು ತೆಗೆದು ಇನ್ನೊಂದನ್ನು ನೋಡುವುದೇ ಕ್ಷೇಮ.

ಅತಿ ಹೆಚ್ಚು ಕಡತಗಳು ನಾಶವಾಗುವುದು ಇದಾದ ಮೇಲಿನ ಹೆಜ್ಜೆಯಲ್ಲಿ. ಡಿಸ್ಕ್ ಜೋಡಿಸಿದ ಕೂಡಲೇ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಅರ್ಥದ ಇಂಗ್ಲಿಷ್ ಪ್ರಶ್ನೆಯೊಂದು ತೆರೆಯ ಮೇಲೆ ಬರುತ್ತದೆ, ಅದರ ಕೆಳಗಿನ ಗುಂಡಿಯನ್ನು ಒತ್ತಿದರೆ ಡಿಸ್ಕ್ ‘ಸರಿಯಾಗುತ್ತದೆ’ ಎಂಬ ಭಾವನೆ ಆ ವಾಕ್ಯದ ಧಾಟಿಯಲ್ಲೇ ಇದೆ. ಪ್ರಶ್ನೆ ಕೇಳುವ ಯಂತ್ರಕ್ಕೆ ಒಳಗೆ ಏನಿದೆ ಎಂಬುದು ಗೊತ್ತಿಲ್ಲ. ತನಗೆ ಓದಲು ಬಾರದ್ದನ್ನೆಲ್ಲ ಅದು ಖಾಲಿ ಎಂದೇ ಎಣಿಸುತ್ತದೆ. ಓದಲು ಬಾರದಿರುವುದಕ್ಕೆ ಕಡತಗಳ ಪಟ್ಟಿ ಕೆಟ್ಟಿರುವುದೊಂದು ಕಾರಣವಾದರೆ, ಡಿಸ್ಕ್ ಬೇರೆ ವ್ಯವಸ್ಥೆಯದಾಗಿರುವುದು ಇನ್ನೊಂದು ಕಾರಣ. ಬೆಂಗಳೂರಿನ ಸಂಕಲನಕಾರರಲ್ಲಿ ಆಪಲ್ ಕಂಪ್ಯೂಟರ್ ಬಳಸುವವರು ಎಪಿಎಫ್‌ಎಸ್ ಅಥವಾ ಎಚ್‌ಎಫ್‌ಎಸ್ ಪ್ಲಸ್ ಎಂಬ ಪದ್ಧತಿಯಲ್ಲಿ ಡಿಸ್ಕನ್ನು ಸಿದ್ಧಪಡಿಸಿ ಕೊಟ್ಟರೆ, ರಾಣೆಬೆನ್ನೂರಿನ ಸ್ಟುಡಿಯೋದ ವಿಂಡೋಸ್ ಅದನ್ನು ಓದಲಾರದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ; ಆ ಡಿಸ್ಕಿಗೆ ಯಾವ ರೋಗವೂ ಇರುವುದಿಲ್ಲ. ಅಂಗಡಿಯ ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯಿಂದ ಬಿಚ್ಚಿದ ಡಿಸ್ಕಿನ ಪಾಡೂ ಹೆಚ್ಚಾಗಿ ಇದೇ. ಹಲವು ಡಿವಿಆರ್‌ಗಳು ತಮ್ಮದೇ ಪದ್ಧತಿಯಲ್ಲಿ ಬರೆಯುವುದರಿಂದ ಅದು ಕಂಪ್ಯೂಟರಿನಲ್ಲಿ ಬರಿದಾಗಿ ತೋರುತ್ತದೆ, ಕಳವಿನ ದೃಶ್ಯ ಅದರಲ್ಲೇ ಇದ್ದರೂ ಇಲ್ಲವೆಂದು ತೀರ್ಮಾನಿಸಲಾಗುತ್ತದೆ. ‘ರಾ’ ಎಂಬ ಮೂರು ಇಂಗ್ಲಿಷ್ ಅಕ್ಷರದ ಗುರುತು ಅಥವಾ ಕಪ್ಪು ಪಟ್ಟಿಯೊಂದಿಗೆ ‘ಅನ್‌ಅಲೋಕೇಟೆಡ್’ ಎಂಬ ಬರಹ ಕಂಡಾಗ ತಿಳಿಯಬೇಕಾದದ್ದು ಇಷ್ಟೇ: ವಿಂಡೋಸಿಗೆ ಅಲ್ಲಿ ಪಟ್ಟಿ ಸಿಕ್ಕಿಲ್ಲ.

ಜಮೀನಿನ ದಾಖಲೆಯಾದ ಉತಾರ ಸಿಗಲಿಲ್ಲವೆಂದ ಮಾತ್ರಕ್ಕೆ ಹೊಲ ಮಾಯವಾಗುವುದಿಲ್ಲ. ಆದರೆ ಉತಾರವಿಲ್ಲದ ಹೊಲವನ್ನು ಮತ್ತೊಬ್ಬರು ಬಂದು ಉತ್ತುಬಿಟ್ಟರೆ ಹಳೆಯ ಬೆಳೆ ಮರಳುವುದಿಲ್ಲ. ‘ಕ್ವಿಕ್ ಫಾರ್ಮ್ಯಾಟ್’ ಎಂಬ ತ್ವರಿತ ಕ್ರಮ ಹಳೆಯ ಪಟ್ಟಿಯ ಜಾಗದಲ್ಲಿ ಹೊಸ ಖಾಲಿ ಪಟ್ಟಿಯನ್ನು ಇಡುತ್ತದೆ, ಕಡತಗಳ ಮೈ ಬಹುಪಾಲು ತಟ್ಟೆಯ ಮೇಲೆಯೇ ಉಳಿಯುತ್ತದೆ, ಆದ್ದರಿಂದ ತಪ್ಪಿ ಒತ್ತಿದವರು ಕೂಡಲೇ ಕೈ ನಿಲ್ಲಿಸಿದರೆ ಪುನಃ ಪಡೆಯುವ ದಾರಿಯಿದೆ. ಪೂರ್ಣ ಫಾರ್ಮ್ಯಾಟ್ ಹಾಗಲ್ಲ; ವಿಂಡೋಸ್ ವಿಸ್ತಾದಿಂದ ಈಚೆಗೆ ಅದು ಡಿಸ್ಕಿನ ಉದ್ದಗಲಕ್ಕೂ ಸೊನ್ನೆಗಳನ್ನು ಬರೆಯುತ್ತದೆ, ಆ ಮೇಲೆ ಯಾವ ಪ್ರಯೋಗಾಲಯಕ್ಕೆ ಒಯ್ದರೂ ಫಲವಿಲ್ಲ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಎಂಬ ಚಿಪ್ ಆಧಾರಿತ ಸಾಧನಗಳಲ್ಲಿ ತ್ವರಿತ ಫಾರ್ಮ್ಯಾಟ್ ಕೂಡ ನಿರಪಾಯಕಾರಿಯಲ್ಲ, ಏಕೆಂದರೆ ‘ಟ್ರಿಮ್’ ಎಂಬ ಆದೇಶದ ಮೂಲಕ ಖಾಲಿಯಾದ ಜಾಗಗಳನ್ನು ಸಾಧನವೇ ತಾನಾಗಿ ಒರೆಸಿಕೊಳ್ಳುತ್ತದೆ. ‘ಇನಿಶಿಯಲೈಸ್’ ಎಂಬ ಇನ್ನೊಂದು ಆಹ್ವಾನವೂ ಇದೇ ಜಾತಿಯದು. ಪೇಟೆಯಿಂದ ತಂದ ಹೊಸ ಡಿಸ್ಕಿಗೆ ಅದು ಬೇಕೇ ಬೇಕು. ಹಾಗೆ ಮಾಡುವಾಗ 2 ಟೆರಾಬೈಟಿಗಿಂತ ದೊಡ್ಡ ಡಿಸ್ಕಿಗೆ ಹಳೆಯ ಎಂಬಿಆರ್ ಪದ್ಧತಿಯ ಬದಲು ಜಿಪಿಟಿಯನ್ನೇ ಆರಿಸಬೇಕು, ಇಲ್ಲದಿದ್ದರೆ ಉಳಿದ ಜಾಗ ಬಳಕೆಗೆ ಸಿಗುವುದಿಲ್ಲ. ನಿನ್ನೆಯವರೆಗೆ ಕಡತಗಳಿದ್ದ ಡಿಸ್ಕ್ ಇಂದು ಅದನ್ನೇ ಕೇಳಿದರೆ ಒಪ್ಪಬಾರದು.

ಕಂಪ್ಯೂಟರಿನ ಒಳಗೇ ಕೂತಿರುವ ಡಿಸ್ಕ್ ಕಾಣದಿದ್ದಾಗ ಮೊದಲು ನೋಡಬೇಕಾದದ್ದು ಬಯೋಸ್ ಅಥವಾ ಯುಇಎಫ್‌ಐ ಎಂಬ ಮೂಲ ವ್ಯವಸ್ಥೆಯ ಪರದೆ. ಯಂತ್ರ ಆರಂಭವಾಗುವಾಗ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿದರೆ ಬಹುತೇಕ ಕಂಪ್ಯೂಟರುಗಳಲ್ಲಿ ಅದು ತೆರೆಯುತ್ತದೆ. ಅಲ್ಲಿಯೂ ಹೆಸರಿಲ್ಲದಿದ್ದರೆ ವಿದ್ಯುತ್ ತೆಗೆದು 7 ಪಿನ್ನಿನ ಸಾಟಾ ಮಾಹಿತಿ ತಂತಿಯನ್ನೂ 15 ಪಿನ್ನಿನ ವಿದ್ಯುತ್ ತಂತಿಯನ್ನೂ ಬಿಚ್ಚಿ ಮತ್ತೆ ಕೂರಿಸಬೇಕು. ಎಂ.2 ಎಂಬ ಚಪ್ಪಟೆ ಕಡ್ಡಿಯಾಕಾರದ ಎಸ್‌ಎಸ್‌ಡಿಗಳಲ್ಲಿ ಸಾಟಾ, ಎನ್‌ವಿಎಂಇ ಎಂಬ ಎರಡು ಜಾತಿಗಳಿದ್ದು, ಒಂದನ್ನು ಮಾತ್ರ ಒಪ್ಪುವ ತೋಡಿನಲ್ಲಿ ಇನ್ನೊಂದನ್ನು ಕೂರಿಸಿದರೆ ಅದು ಹಿಡಿಸಿದಂತೆ ಕಂಡರೂ ಕಾಣಿಸಿಕೊಳ್ಳುವುದಿಲ್ಲ. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ತೋಡು ತುಂಬಿದೊಡನೆ ಒಂದೆರಡು ಸಾಟಾ ಕಿಂಡಿಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಇಂಟೆಲ್‌ನ 11ನೆಯ ತಲೆಮಾರಿನಿಂದೀಚಿನ ಹಲವು ಲ್ಯಾಪ್‌ಟಾಪುಗಳಲ್ಲಿ ಹೊಸದಾಗಿ ವಿಂಡೋಸ್ ಹಾಕಹೊರಟಾಗ ಡಿಸ್ಕೇ ಇಲ್ಲವೆಂಬ ಸಂದೇಶ ಬರುವುದಕ್ಕೆ ವಿಎಂಡಿ ಎಂಬ ವ್ಯವಸ್ಥೆ ಕಾರಣ. ತಯಾರಕರ ತಾಣದಿಂದ ಐಆರ್‌ಎಸ್‌ಟಿ ಎಂಬ ಡ್ರೈವರನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡು ಆ ಹಂತದಲ್ಲಿ ತೋರಿಸಿದರೆ ಡಿಸ್ಕ್ ಕಾಣುತ್ತದೆ. ಹೊಸ ಲ್ಯಾಪ್‌ಟಾಪಿನ ಡಿಸ್ಕ್ ಸತ್ತಿದೆಯೆಂದು ಹಿಂದಿರುಗಿಸಹೊರಡುವ ಮುನ್ನ ಇಷ್ಟು ಮಾಡಿ ನೋಡುವುದು ಒಳ್ಳೆಯದು.

ಡಿಸ್ಕ್ ತಾನೇ ರೋಗಿಯಾಗಿದ್ದರೆ ಅದು ಸಾಮಾನ್ಯವಾಗಿ ಸದ್ದಿನಿಂದ ತಿಳಿಸುತ್ತದೆ. ಸಮನಾದ ಅಂತರದಲ್ಲಿ ಟಿಕ್, ಟಿಕ್ ಎಂದು ಬಡಿಯುತ್ತ ಸ್ವಲ್ಪ ಹೊತ್ತಿಗೆ ನಿಂತುಹೋದರೆ, ಹೆಡ್ ತನ್ನ ಜಾಗದ ಗುರುತನ್ನು ಓದಲಾರದೆ ಹಿಂದಕ್ಕೂ ಮುಂದಕ್ಕೂ ಹೊಡೆದುಕೊಳ್ಳುತ್ತಿದೆ ಎಂದು ತಿಳಿಯಬೇಕು. ತಟ್ಟೆ ತಿರುಗಲಾರದೆ ಸಣ್ಣಗೆ ಗುಂಯ್ ಎಂದರೆ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು, ಅಥವಾ ಮೋಟರು ಬಿಗಿದಿರಬಹುದು. ಕೆರೆದಂತಹ ಸದ್ದು ಬಂದರಂತೂ ಲೇಪನವೇ ಕಿತ್ತುಬರುತ್ತಿದೆ ಎಂದರ್ಥ. ಡಿಸ್ಕ್ ತಿರುಗಿದ ಪ್ರತಿ ನಿಮಿಷವೂ ಇನ್ನಷ್ಟು ದೃಶ್ಯಗಳು ಪುಡಿಯಾಗುತ್ತಿರುತ್ತವೆ. ಇಂತಹ ಸದ್ದು ಕೇಳಿದ ಕ್ಷಣ ವಿದ್ಯುತ್ ತೆಗೆಯುವುದನ್ನು ಬಿಟ್ಟು ಬೇರೆ ಉಪಚಾರವಿಲ್ಲ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎಂಬ ಹಳೆಯ ನಂಬಿಕೆ ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ. ತಣ್ಣಗಿನ ಡಿಸ್ಕ್ ಹೊರಬಂದಾಗ ಗಾಳಿಯ ತೇವ ಅದರ ಮೇಲೂ ಒಳಗೂ ಹನಿಗಟ್ಟುವುದರಿಂದ ಉಳಿದದ್ದೂ ಹೋಗುತ್ತದೆ. ಮುಚ್ಚಳ ಬಿಚ್ಚಿ ನೋಡುವ ಕುತೂಹಲ ಅದಕ್ಕಿಂತ ಕೆಟ್ಟದ್ದು. ಕೆಲವು ನ್ಯಾನೋಮೀಟರಿನ ಸಂದಿಯಲ್ಲಿ ಸಾಮಾನ್ಯ ಕೋಣೆಯ ಗಾಳಿಯ ಒಂದು ಧೂಳಿನ ಕಣವೂ ಬಂಡೆಯೇ ಆಗಿರುವುದರಿಂದ, ಶೋಧಿಸಿದ ಗಾಳಿಯ ವಿಶೇಷ ಕೋಣೆಯ ಹೊರಗೆ ಯಾರೂ ಡಿಸ್ಕನ್ನು ತೆರೆಯಬಾರದು, ತೆರೆದು ತೋರಿಸುತ್ತೇನೆ ಎನ್ನುವ ಅಂಗಡಿಗೆ ಅದನ್ನು ಕೊಡಲೂಬಾರದು. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಫಲಕವನ್ನು ತಂದು ಹಾಕುವ ಉಪಾಯ ಹಿಂದೆ ನಡೆಯುತ್ತಿತ್ತು. ಈಗಿನ ಡಿಸ್ಕುಗಳಲ್ಲಿ ಆಯಾ ಹೆಡ್ಡುಗಳಿಗೆ ಹೊಂದಿಸಿದ ಅಳತೆಗಳು ಫಲಕದ ಒಂದು ಚಿಪ್ಪಿನಲ್ಲಿರುವುದರಿಂದ ಆ ಚಿಪ್ಪನ್ನೂ ಬಿಚ್ಚಿ ವರ್ಗಾಯಿಸದೆ ಫಲಕ ಬದಲಿಸಿ ಪ್ರಯೋಜನವಿಲ್ಲ.

ಸದ್ದಿಲ್ಲದೆ ತಿರುಗುತ್ತಿದ್ದು, ಗಾತ್ರ ಸರಿಯಾಗಿ ತೋರಿಸಿ, ಕಡತಗಳನ್ನು ಮಾತ್ರ ತೆರೆಯದ ಡಿಸ್ಕಿನ ವಿಷಯದಲ್ಲಿ ಆಶೆ ಹೆಚ್ಚು. ಇಲ್ಲಿಯೂ ಮೊದಲ ಕೆಲಸ ದುರಸ್ತಿಯಲ್ಲ, ನಕಲು. ವಿಂಡೋಸಿನ ಚೆಕ್‌ಡಿಸ್ಕ್ ಎಂಬ ಆದೇಶ ಕಡತಗಳ ಪಟ್ಟಿಯನ್ನು ತನಗೆ ತಿಳಿದಂತೆ ತಿದ್ದುತ್ತದೆ. ಕ್ಷೀಣಿಸುತ್ತಿರುವ ಡಿಸ್ಕಿನ ಮೇಲೆ ಅದನ್ನು ಓಡಿಸಿದರೆ ಓದಲಾಗದ ಕಡತಗಳ ಹೆಸರುಗಳನ್ನೇ ಕಿತ್ತುಹಾಕುವುದುಂಟು. ಜಿಎನ್‌ಯು ಯೋಜನೆಯ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಮೊದಲು ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಂಡು, ಕಷ್ಟದ ಭಾಗಗಳನ್ನು ಕೊನೆಗೆ ಬಿಡುತ್ತದೆ. ಎಲ್ಲಿಯವರೆಗೆ ಬಂತು ಎಂಬ ಲೆಕ್ಕವನ್ನೂ ಒಂದು ಕಡತದಲ್ಲಿ ಬರೆದಿಡುವುದರಿಂದ ಕರೆಂಟು ಹೋಗಿ ಬಂದರೂ ಕೆಲಸ ಮೊದಲಿನಿಂದ ಆರಂಭವಾಗುವುದಿಲ್ಲ. ಹಳ್ಳಿಯ ವಿದ್ಯುತ್ ಪೂರೈಕೆಯ ಸ್ಥಿತಿಯನ್ನು ಬಲ್ಲವರಿಗೆ ಈ ಗುಣದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲ ಡಿಸ್ಕನ್ನು ಬದಿಗಿಟ್ಟು, ಹಾಗೆ ತೆಗೆದ ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶದಿಂದ ಕಳೆದ ವಿಭಾಗಗಳನ್ನು ಹುಡುಕಬಹುದು, ಅದರ ಜೊತೆಗೇ ಬರುವ ಫೋಟೋರೆಕ್‌ನಿಂದ ಚಿತ್ರಗಳನ್ನೂ ವಿಡಿಯೋಗಳನ್ನೂ ಅವುಗಳ ಆಕಾರದಿಂದಲೇ ಗುರುತಿಸಿ ಹೊರತೆಗೆಯಬಹುದು. ಕಡತಗಳ ಹೆಸರೂ ಫೋಲ್ಡರುಗಳ ಕ್ರಮವೂ ಆಗ ಉಳಿಯುವುದಿಲ್ಲ. ಸಾವಿರಾರು ಚಿತ್ರಗಳಲ್ಲಿ ಯಾವ ವರ್ಷದ ಗೊರವಯ್ಯ, ಯಾರ ಮನೆಯ ಮದುವೆ ಎಂದು ಕೂತು ಬೇರ್ಪಡಿಸುವ ಕೆಲಸ ಮನುಷ್ಯನದೇ. ಹೀಗೆ ಹೊರತೆಗೆದದ್ದನ್ನು ಅದೇ ಡಿಸ್ಕಿನ ಮೇಲೆ ಉಳಿಸುವ ತಪ್ಪನ್ನು ಮಾತ್ರ ಎಂದಿಗೂ ಮಾಡಬಾರದು.

ಡಿಸ್ಕಿನ ಆರೋಗ್ಯವನ್ನು ಮುಂಚಿತವಾಗಿ ತಿಳಿಯಲು ‘ಸ್ಮಾರ್ಟ್’ ಎಂಬ ಸ್ವಯಂವರದಿ ವ್ಯವಸ್ಥೆ ಪ್ರತಿ ಡಿಸ್ಕಿನಲ್ಲೂ ಇದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಕೆಟ್ಟ ಜಾಗಗಳನ್ನು ಬದಲಿಸಿದ ಎಣಿಕೆ, ಓದಲು ಕಾಯುತ್ತಿರುವ ಜಾಗಗಳ ಎಣಿಕೆ ಏರುತ್ತಿದ್ದರೆ ಡಿಸ್ಕನ್ನು ಕೂಡಲೇ ಬದಲಿಸುವುದು ಲೇಸು. ಆದರೆ ವರದಿ ಚೆನ್ನಾಗಿದೆ ಎಂಬುದನ್ನು ಭರವಸೆಯೆಂದು ತಿಳಿಯುವಂತಿಲ್ಲ: ಗೂಗಲ್ ಸಂಸ್ಥೆಯ ಪಿನೇರೊ, ವೇಬರ್ ಮತ್ತು ಬರೋಸೊ ಎಂಬ ಮೂವರು ತಮ್ಮ ಕೇಂದ್ರಗಳ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳಲ್ಲಿ ಶೇಕಡಾ 36ಕ್ಕೂ ಹೆಚ್ಚಿನವು ಈ ವರದಿಯಲ್ಲಿ ಯಾವ ದೋಷದ ಎಣಿಕೆಯನ್ನೂ ತೋರಿಸದೆಯೇ ಕೆಟ್ಟಿದ್ದವು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಮೂರು–ಎರಡು–ಒಂದು ಎಂಬ ಸೂತ್ರ ಇಂತಹ ಅಪಾಯಕ್ಕೆ ಉತ್ತರ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ದೇವರಗುಡ್ಡದ ಸ್ಟುಡಿಯೋದ ಪ್ರತಿಯೊಂದು ಹುಬ್ಬಳ್ಳಿಯ ನೆಂಟರ ಕಪಾಟಿನಲ್ಲಿದ್ದರೂ ಈ ಸೂತ್ರದ ಕೊನೆಯ ಭಾಗ ಪೂರೈಸಿದಂತೆಯೇ, ಆದರೆ ಆ ಡಿಸ್ಕನ್ನು ವರ್ಷದಲ್ಲೊಮ್ಮೆಯಾದರೂ ಜೋಡಿಸಿ ತೆರೆದು ನೋಡುವವರಿರಬೇಕು.

ಕೈಮೀರಿದ ಡಿಸ್ಕನ್ನು ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯಕ್ಕೆ ಕಳಿಸುವಾಗ ಅದು ಎಷ್ಟು ಎತ್ತರದಿಂದ ಬಿದ್ದಿತ್ತು, ಯಾವ ಸದ್ದು ಮಾಡಿತು, ಅದರ ಮೇಲೆ ಯಾವ ಯಾವ ತಂತ್ರಾಂಶ ಓಡಿಸಲಾಯಿತು ಎಂಬುದನ್ನೆಲ್ಲ ಮರೆಮಾಚದೆ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಬೇಕು. ಪೋರ್ಟಬಲ್ ಡಿಸ್ಕಿನ ಹೊರಕವಚವನ್ನು ಬಿಚ್ಚಿ ಡಿಸ್ಕನ್ನಷ್ಟೇ ಕಳಿಸುವುದು ಜಾಣತನವಲ್ಲ, ಏಕೆಂದರೆ ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಮಂಡಳವೇ ಮಾಹಿತಿಯನ್ನು ಗುಪ್ತಲಿಪಿಗೆ ಬದಲಿಸಿ ಬರೆಯುತ್ತದೆ, ಅದಿಲ್ಲದೆ ಡಿಸ್ಕನ್ನು ಓದಿದರೂ ಅರ್ಥವಾಗುವುದಿಲ್ಲ. ಬಿಟ್‌ಲಾಕರ್ ಬೀಗ ಹಾಕಿದ್ದರೆ 48 ಅಂಕಿಗಳ ಮರುಪಡೆಯುವ ಕೀಲಿಯನ್ನೂ ಹುಡುಕಿಟ್ಟುಕೊಳ್ಳಬೇಕು. ಖರ್ಚಿನ ಅಂದಾಜನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯುವುದು, ಒಪ್ಪಿಗೆಯಿಲ್ಲದೆ ಡಿಸ್ಕನ್ನು ತೆರೆಯಬಾರದೆಂದು ತಿಳಿಸುವುದು ಗ್ರಾಹಕರ ಹಕ್ಕಿನೊಳಗಿನ ಮಾತು. ವಾರಂಟಿ ಇನ್ನೂ ಇದೆಯೆಂಬ ಸಮಾಧಾನದಿಂದ ಡಿಸ್ಕನ್ನು ಮೊದಲು ತಯಾರಕರಿಗೆ ಕಳಿಸಿಬಿಡುವವರು ಒಂದನ್ನು ಗಮನಿಸಬೇಕು: ವಾರಂಟಿ ಇರುವುದು ಡಿಸ್ಕಿಗೆ, ಅದರೊಳಗಿನ ಚಿತ್ರಗಳಿಗಲ್ಲ, ಬದಲಿಗೆ ಬರುವ ಡಿಸ್ಕ್ ಖಾಲಿಯಾಗಿರುತ್ತದೆ, ಕೊಟ್ಟ ಹಳೆಯ ಡಿಸ್ಕ್ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.